ಮನೆಮಂದಿಗೆಲ್ಲ ಒಂದೇ ಕಾರು: ವರ್ನಾ ಟರ್ಬೊ ಸರಿನಾ, ಸ್ಲಾವಿಯಾ ಕಡೆ ಹೋಗಬೇಕಾ?

ಹಾಸನದ ಹಾದಿ:
ಎಲ್ಲರಿಗೂ ನಮಸ್ಕಾರ. ಹಳೆ ಹ್ಯಾಚ್‌ಬ್ಯಾಕ್ ಕೊಟ್ಟು ಒಂದು ಸೆಡಾನ್ ತಗೊಳ್ಳೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ವಾಸ ಬೆಂಗಳೂರು, ಊರು ಸಕಲೇಶಪುರದ ಕಡೆ, ಹೆಂಡತಿಯ ತವರು ಪುತ್ತೂರು. ಹಾಗಾಗಿ ಶಿರಾಡಿ ಘಾಟ್ ತಪ್ಪಿದ್ದಲ್ಲ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ಅಪ್ಪ. ಅಪ್ಪನಿಗೆ ಮಂಡಿ ನೋವು ಜಾಸ್ತಿ.

ಕಣ್ಣಿಟ್ಟಿರುವುದು ಹುಂಡೈ ವರ್ನಾ 1.5 ಟರ್ಬೊ ಮೇಲೆ, ಅಂದ್ರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಪೆಟ್ರೋಲ್ ಕಾರು. 160 ಪಿಎಸ್ ಶಕ್ತಿ, 253 ಎನ್‌ಎಂ ಟಾರ್ಕ್ (ಎಂಜಿನ್‌ನ ಎಳೆತದ ಬಲ). ಅದೇ ಕಾರನ್ನು ಟರ್ಬೊ ಇಲ್ಲದೆ ತಗೊಂಡರೆ 115 ಪಿಎಸ್, 144 ಎನ್‌ಎಂ. ಸ್ಕೋಡಾ ಸ್ಲಾವಿಯಾ 1.5 ಟಿಎಸ್‌ಐ ಕೂಡ ಮನಸ್ಸಿನಲ್ಲಿದೆ. ಅದು 150 ಪಿಎಸ್, 250 ಎನ್‌ಎಂ. ನಾನು ಜೋರಾಗಿ ಓಡಿಸುವವನಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲೇ ಮಿತಿ ಗಂಟೆಗೆ 100 ಕಿ.ಮೀ. ಇರುವಾಗ ಮನೆ ಕಾರಿಗೆ ಇಷ್ಟೊಂದು ಶಕ್ತಿ ನಿಜವಾಗಲೂ ಬೇಕಾ? ಟರ್ಬೊ ಅಂದ್ರೆ ಮುಂದೆ ಖರ್ಚು ಜಾಸ್ತಿ ಅಂತ ಆಫೀಸಿನಲ್ಲಿ ಹೆದರಿಸಿದ್ದಾರೆ. ಅದೂ ಅಲ್ಲದೆ ವರ್ನಾ ಮುಂದೆ ಅಡ್ಡಕ್ಕೆ ಇರುವ ಎಲ್‌ಇಡಿ ಪಟ್ಟಿ ಹೆಂಡತಿಗೆ ಹಿಡಿಸಿಲ್ಲ, ಮಗಳಿಗೆ ಅದೇ ಬೇಕು. ಓಡಿಸಿದವರು ಹೇಳಿ.

ಘಟ್ಟ ಹತ್ತುವವ:
ವರ್ನಾ ಟರ್ಬೊ ಮ್ಯಾನುಯಲ್ ನನ್ನ ಹತ್ತಿರ ಇದೆ, 2023ರ ಮಾಡೆಲ್. ನೀವು 160 ಪಿಎಸ್ ನೋಡಬೇಡಿ ಸರ್, 253 ಎನ್‌ಎಂ ನೋಡಿ, ಅದು ಎಲ್ಲಿ ಸಿಗುತ್ತದೆ ಅನ್ನುವುದನ್ನು ನೋಡಿ. ಟರ್ಬೊದಲ್ಲಿ 1500 ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 3500ರ ತನಕ ಪೂರ್ತಿ ಟಾರ್ಕ್ ಸಿಗುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ 144 ಎನ್‌ಎಂ ಸಿಗಬೇಕಾದರೂ 4500ರ ತನಕ ಎಳೆಯಬೇಕು. ಮನೆಮಂದಿ ಕೂತಿರುವಾಗ ಯಾರೂ 4500 ಮುಟ್ಟಿಸಲ್ಲ. ಹಿಂದಿನಿಂದ ಅಮ್ಮ "ಯಾಕೋ ಇಷ್ಟು ಸದ್ದು" ಅಂತ ಕೇಳಿಯೇ ಕೇಳುತ್ತಾರೆ.

ಗುಂಡ್ಯ ದಾಟಿ ಮಾರನಹಳ್ಳಿ ಕಡೆ ಹತ್ತುವಾಗ ಮುಂದೆ ಗ್ಯಾಸ್ ಟ್ಯಾಂಕರ್ ಸಿಗುತ್ತದಲ್ವಾ? ಗಂಟೆಗೆ 20ರಲ್ಲಿ ತೆವಳುತ್ತಿರುತ್ತದೆ. ರಸ್ತೆ ನೇರ ಕಾಣುವುದು ಸ್ವಲ್ಪ ದೂರ ಅಷ್ಟೇ. ಅಷ್ಟರಲ್ಲಿ ಐದು ಜನ, ತುಂಬಿದ ಡಿಕ್ಕಿ, ಎಸಿ ಹಾಕಿರುವ ಕಾರು ಟ್ಯಾಂಕರ್ ದಾಟಿ ತನ್ನ ಸಾಲಿಗೆ ಬಂದಿರಬೇಕು. ಟರ್ಬೊದಲ್ಲಿ ಎರಡನೇ ಗೇರ್‌ನಲ್ಲಿ 2000ದ ಹತ್ತಿರ ಮುಳ್ಳು ಇಟ್ಟುಕೊಂಡು ಕಾಯ್ತೀರಿ, ದಾರಿ ಕಂಡ ತಕ್ಷಣ ಒತ್ತಿದರೆ ಮುಗೀತು. ಎದುರಿನ ಸಾಲಿನಲ್ಲಿ ಇರುವ ಹೊತ್ತು ಕಡಿಮೆ ಆಗುತ್ತದೆ. ಮನೆ ಕಾರಿಗೆ ಶಕ್ತಿ ಬೇಕಿರುವುದು ಇದಕ್ಕೆ. ಇದನ್ನು ನಾನು ಸುರಕ್ಷತೆ ಅಂತಲೇ ಲೆಕ್ಕ ಹಾಕುತ್ತೇನೆ.

ಇನ್ನೊಂದು ವಿಷಯ, ಶೋರೂಮ್‌ನಲ್ಲಿ ಹೇಳಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳು ಆಗುತ್ತದೆ. ಸಾದಾ ಪೆಟ್ರೋಲ್ ಎಂಜಿನ್ 1000 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ 115 ಪಿಎಸ್ ಕೊಡುವ ಎಂಜಿನ್ ಬೆಂಗಳೂರಿನಲ್ಲಿ, ಸಕಲೇಶಪುರದಲ್ಲಿ ಅಷ್ಟು ಕೊಡಲ್ಲ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ಕೊರತೆಯನ್ನು ಬಹುಪಾಲು ತುಂಬಿಕೊಳ್ಳುತ್ತದೆ. ಹಾಗಾಗಿ ನಮ್ಮ ಕಡೆ ಎರಡೂ ಎಂಜಿನ್‌ಗಳ ನಡುವಿನ ಅಂತರ ಕಾಗದದಲ್ಲಿ ಕಾಣುವುದಕ್ಕಿಂತ ದೊಡ್ಡದು.

ಧಾರವಾಡ ಫ್ಲೂಯಿಡಿಕ್:
ನಮಸ್ಕಾರ್ರೀ. ನಂದು ಹಳೆ ಫ್ಲೂಯಿಡಿಕ್ ವರ್ನಾ, 1.6 ಡೀಸೆಲ್. 128 ಪಿಎಸ್, 260 ಎನ್‌ಎಂ. ಈಗಿನ ವರ್ನಾದಲ್ಲಿ ಡೀಸೆಲ್ಲೇ ಇಲ್ಲ. ಹೋಂಡಾ ಸಿಟಿ ಡೀಸೆಲ್ಲೂ ನಿಂತಿತು. ಹಾವೇರಿ, ದಾವಣಗೆರೆ ಕಡೆ ಹೆದ್ದಾರಿ ಹಿಡಿದರೆ ಆರನೇ ಗೇರ್ ಹಾಕಿ ಮರೆತುಬಿಡಬಹುದು, ಆ ಸುಖ ಪೆಟ್ರೋಲ್‌ನಲ್ಲಿ ಸಿಗುತ್ತಾ? ಮೈಲೇಜ್ ವಿಷಯನೂ ನಿಜ ಹೇಳ್ರಿ.

ಘಟ್ಟ ಹತ್ತುವವ:
ಸರ್, ಟಾರ್ಕ್ ಲೆಕ್ಕದಲ್ಲಿ ನಿಮ್ಮ ಡೀಸೆಲ್‌ಗೂ ಇದಕ್ಕೂ 7 ಎನ್‌ಎಂ ವ್ಯತ್ಯಾಸ ಅಷ್ಟೇ. ಆರನೇ ಗೇರ್‌ನಲ್ಲಿ ಹೆದ್ದಾರಿಯಲ್ಲಿ ಗೇರ್ ಇಳಿಸದೆ ಲಾರಿ ದಾಟುವ ಸುಖ ಇದರಲ್ಲೂ ಇದೆ. ಆದರೆ 1500ರ ಕೆಳಗೆ ಬಿಟ್ಟರೆ ಎಂಜಿನ್ ಮಂಕಾಗುತ್ತದೆ. ಹಸಿ ಸೌದೆ ಹೊತ್ತಿಕೊಂಡ ಹಾಗೆ, ಮೊದಲು ಏನೂ ಇಲ್ಲ, ಆಮೇಲೆ ಒಮ್ಮೆಲೇ. ಹಂಪ್ ದಾಟಿದ ಮೇಲೆ ಸೋಮಾರಿತನ ಮಾಡದೆ ಎರಡನೇ ಗೇರ್‌ಗೆ ಬರಬೇಕು.

ಮೈಲೇಜ್: ಅಧಿಕೃತವಾಗಿ ಮ್ಯಾನುಯಲ್‌ಗೆ ಲೀಟರ್‌ಗೆ 20 ಕಿ.ಮೀ. ಅಂತ ಹೇಳುತ್ತಾರೆ. ನನಗೆ ಬೆಂಗಳೂರು ಟ್ರಾಫಿಕ್‌ನಲ್ಲಿ 11ರ ಆಸುಪಾಸು, ಹೆದ್ದಾರಿಯಲ್ಲಿ 90-100ರಲ್ಲಿ ಸಮನಾಗಿ ಹೋದರೆ 17ರ ತನಕ. ಡೀಸೆಲ್ ಮೈಲೇಜ್ ಮರೆತುಬಿಡಿ, ಅದು ಬರಲ್ಲ. ಟ್ಯಾಂಕ್ ಕೂಡ 45 ಲೀಟರ್ ಅಷ್ಟೇ. ಈಗಿನ ಇ20 ಪೆಟ್ರೋಲ್‌ನಲ್ಲಿ ಐದನೇ ಒಂದು ಪಾಲು ಎಥೆನಾಲ್. ಅದರಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ, ಹಾಗಾಗಿ ಅಲ್ಲೂ ಸ್ವಲ್ಪ ಹೋಗುತ್ತದೆ.

ಧಾರವಾಡ ಫ್ಲೂಯಿಡಿಕ್:
17 ಬಂದರೆ ಅಡ್ಡಿ ಇಲ್ಲ. ನನ್ನ ಕಾರಿನ ದೊಡ್ಡ ದೂರು ಅಂದ್ರೆ 100 ದಾಟಿದರೆ ಹಿಂಭಾಗ ತೇಲಾಡೋದು. ಹಿಂದೆ ಕೂತವರಿಗೆ ಹೊಟ್ಟೆ ತೊಳೆಸುತ್ತದೆ. ಹೊಸದರಲ್ಲಿ ಹೇಗೆ?

ಘಟ್ಟ ಹತ್ತುವವ:
ಆ ತೇಲಾಟ ಹೋಗಿದೆ. ಹೆದ್ದಾರಿಯಲ್ಲಿ ನೆಲ ಹಿಡಿದುಕೊಂಡು ಹೋಗುತ್ತದೆ. ಸ್ಟೀರಿಂಗ್ ಮಾತ್ರ ಹಗುರ, ಸ್ಲಾವಿಯಾದಷ್ಟು ತೂಕ ಇಲ್ಲ. ಇನ್ನೊಂದು ಎಚ್ಚರಿಕೆ. ಶಕ್ತಿ ಪೂರ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಮಳೆಗಾಲದಲ್ಲಿ ಒದ್ದೆ ರಸ್ತೆಯಲ್ಲಿ ಮೊದಲ ಗೇರ್‌ನಲ್ಲಿ ಜೋರಾಗಿ ಒತ್ತಿದರೆ ಟೈರ್ ಸುಮ್ನೆ ತಿರುಗುತ್ತದೆ, ಸ್ಟೀರಿಂಗ್ ಕೈಯಲ್ಲಿ ಎಳೆದ ಹಾಗಾಗುತ್ತದೆ. ಟೈರ್ ಸವೆದ ಮೇಲೆ ಅಗ್ಗದ್ದು ಹಾಕಿಸಲೇಬೇಡಿ.

ಗ್ಯಾರೇಜ್ ಗೆಳೆಯ:
ಟರ್ಬೊ ಖರ್ಚಿನ ಬಗ್ಗೆ ಕೇಳಿದ್ದೀರಿ. ನಾನು ಈ ಕೆಲಸದಲ್ಲೇ ಇರುವವನು, ನೇರವಾಗಿ ಹೇಳುತ್ತೇನೆ.

ಟರ್ಬೊ ತಾನಾಗಿ ಕೆಡುವುದು ಕಡಿಮೆ. ಕೆಡಿಸುವುದು ಆಯಿಲ್. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನ್‌ಗೆ ಕಳಿಸುತ್ತದೆ. ಆ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಅಷ್ಟು ವೇಗದಲ್ಲಿ ಅದನ್ನು ಕಾಪಾಡುವುದು ತೆಳು ಆಯಿಲ್ ಪದರ ಮಾತ್ರ. ಘಾಟ್ ಜೋರಾಗಿ ಹತ್ತಿ ಬಂದು ಹೋಟೆಲ್ ಮುಂದೆ ತಕ್ಷಣ ಕೀ ಆಫ್ ಮಾಡಿದರೆ ಪಂಪ್ ನಿಲ್ಲುತ್ತದೆ, ಟರ್ಬೊ ಒಳಗೆ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಒಂದು ಅರ್ಧ ನಿಮಿಷ, ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ. ಕಂಪನಿ ಹೇಳಿದ ಗ್ರೇಡ್‌ನ ಸಿಂಥೆಟಿಕ್ ಆಯಿಲ್ ಹಾಕಿಸಿ, ಅವಧಿ ಮೀರಿಸಬೇಡಿ. ಊರೊಳಗೇ ಜಾಸ್ತಿ ಓಡುವ ಕಾರಿಗೆ ಕಿಲೋಮೀಟರ್ ಕಡಿಮೆ ಆದರೂ ಎಂಜಿನ್ ಓಡಿದ ಹೊತ್ತು ಜಾಸ್ತಿ ಇರುತ್ತದೆ. ಅಂಥವರು ಸ್ವಲ್ಪ ಮುಂಚೆಯೇ ಬದಲಿಸುವುದು ಒಳ್ಳೆಯದು.

ಎರಡನೆಯದು ಡಿಸಿಟಿ, ಅಂದ್ರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ವರ್ನಾದ 7 ಸ್ಪೀಡ್ ಡಿಸಿಟಿ, ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್‌ನ 7 ಸ್ಪೀಡ್ ಡಿಎಸ್‌ಜಿ (ಡಿಸಿಟಿಗೇ ಅವರಿಟ್ಟ ಹೆಸರು), ಮೂರರಲ್ಲೂ ಇರುವುದು ಡ್ರೈ ಕ್ಲಚ್, ಅಂದ್ರೆ ಆಯಿಲ್‌ನಲ್ಲಿ ಮುಳುಗಿರದ ಕ್ಲಚ್. ಹೆದ್ದಾರಿಯಲ್ಲಿ ಗೇರ್ ಬದಲಾಗಿದ್ದೇ ಗೊತ್ತಾಗಲ್ಲ, ಅಷ್ಟು ಚೆನ್ನಾಗಿದೆ. ಆದರೆ ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚು ಮುಂದೆ ಬಿಡುತ್ತಾ ಹೋದರೆ ಕ್ಲಚ್ ಅರ್ಧ ಹಿಡಿದೇ ಇರುತ್ತದೆ, ಬಿಸಿ ಆಗುತ್ತದೆ. ಮುಂದಿನ ಕಾರು ಎರಡು ಕಾರಿನಷ್ಟು ಜಾಗ ಬಿಟ್ಟ ಮೇಲೆ ಒಂದೇ ಸಲ ಹೋಗಿ ನಿಲ್ಲಿಸಿ. ಏರಿನಲ್ಲಿ ಆಕ್ಸಲರೇಟರ್ ಒತ್ತಿ ಕಾರು ಹಿಡಿದು ನಿಲ್ಲಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಬ್ರೇಕ್ ಹಿಡಿಯಿರಿ. ಮನೆಯಲ್ಲಿ ಇನ್ನೊಬ್ಬರು ಓಡಿಸುವುದಾದರೆ ಅವರಿಗೂ ಹೇಳಿಕೊಡಿ. ಹಾಳಾದ ಕ್ಲಚ್ ಬಿಚ್ಚಿ ನೋಡಿದರೆ ಬಹಳ ಸಲ ಕಾರಣ ಇದೇ ಇರುತ್ತದೆ.

ಕುವೆಂಪುನಗರ ಮನೆ:
ನಾವು ಸ್ಲಾವಿಯಾ 1.5 ಡಿಎಸ್‌ಜಿ ಇಟ್ಟಿದ್ದೇವೆ. ಮೈಸೂರಿನಲ್ಲಿ ಟ್ರಾಫಿಕ್ ಅಷ್ಟಿಲ್ಲ, ಹಾಗಾಗಿ ಗೇರ್‌ಬಾಕ್ಸ್ ತೊಂದರೆ ಕೊಟ್ಟಿಲ್ಲ. ನಾನು ಹೇಳಬೇಕಿರುವುದು ನಿಮ್ಮ ಅಪ್ಪನ ಮಂಡಿ ಬಗ್ಗೆ. ಇಲ್ಲಿ ಎಲ್ಲರೂ ಎಂಜಿನ್ ಮಾತಾಡುತ್ತಿದ್ದೀರಿ, ಆದರೆ ಕಾರು ತಂದ ಮೇಲೆ ಮನೆಯಲ್ಲಿ ದಿನಾ ಮಾತು ಬರುವುದು ಹತ್ತಿ ಇಳಿಯುವುದರ ಬಗ್ಗೆ.

ನಮ್ಮ ಮಾವನವರಿಗೂ ಮಂಡಿ ನೋವು. ಸೆಡಾನ್‌ನಲ್ಲಿ ಸೀಟು ಕೆಳಗಿರುತ್ತದೆ. ಅವರು ಇಳಿಯುವಾಗ ಮೊದಲು ಎರಡೂ ಕಾಲು ಹೊರಗಿಟ್ಟು, ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಮುಂದಿನ ಸೀಟಿನ ಹಿಂಭಾಗಕ್ಕೆ ಕೊಟ್ಟು, ತಲೆ ಬಗ್ಗಿಸಿ ಏಳುತ್ತಾರೆ. ಆ ಹೊತ್ತಿನಲ್ಲಿ ರೂಫ್ ಎಷ್ಟು ಇಳಿಜಾರಿದೆ ಅನ್ನುವುದು ಗೊತ್ತಾಗುತ್ತದೆ. ವರ್ನಾ ಎತ್ತರ 1475 ಮಿ.ಮೀ., ಸ್ಲಾವಿಯಾ 1507. ಕೇಳಲು ಸಣ್ಣ ವ್ಯತ್ಯಾಸ, ತಲೆಗೆ ತಗಲುವುದೋ ಇಲ್ಲವೋ ಅನ್ನುವುದು ಅದರಲ್ಲೇ ಇದೆ. ವರ್ನಾ ಹಿಂಭಾಗ ಕೂಪೆ ಥರ ಇಳಿದು ಬರುತ್ತದೆ, ನೋಡಲು ಚೆಂದ, ಆದರೆ ಎತ್ತರದವರಿಗೆ ತಲೆ ಹತ್ತಿರ ಜಾಗ ಕಡಿಮೆ. ಕಾಲು ಚಾಚಲು ಮಾತ್ರ ವರ್ನಾ ಧಾರಾಳ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2670 ಮಿ.ಮೀ., ನಮ್ಮದು 2651. ಮಾವನವರನ್ನು ಈಗ ಮುಂದೆ ಕೂರಿಸುತ್ತೇವೆ. ಸೀಟು ಹಿಂದೆ ತಳ್ಳಿ ಸ್ವಲ್ಪ ಮೇಲೆ ಏರಿಸಿಟ್ಟರೆ ಅವರಿಗೆ ಸುಲಭ. ಆದರೆ ಮುಂದಿನ ಪಕ್ಕದ ಸೀಟಿಗೂ ಏರಿಸುವ ವ್ಯವಸ್ಥೆ ನಿಮ್ಮ ವೇರಿಯಂಟ್‌ನಲ್ಲಿ ಇದೆಯಾ ನೋಡಿಕೊಳ್ಳಿ. ಎಲ್ಲದರಲ್ಲೂ ಇರಲ್ಲ.

ಹಿಂದೆ ಮೂವರು ಅಂದರೆ ಯಾವ ಕಾರಾದರೂ ಅಷ್ಟಕ್ಕಷ್ಟೇ. ನಮ್ಮದರಲ್ಲಿ ನಡುವೆ ದಿಣ್ಣೆ ಇದೆ, ಮಧ್ಯ ಕೂತವರ ಕಾಲು ಎರಡೂ ಕಡೆ ಹೋಗಬೇಕು. ಮಕ್ಕಳು ಚಿಕ್ಕವರಾದರೆ ನಡೆಯುತ್ತದೆ.

ಹಾಸನದ ಹಾದಿ:
ಮೇಡಂ, ಇದು ನನಗೆ ಹೊಳೆದಿರಲೇ ಇಲ್ಲ. ತುಂಬಾ ಉಪಯೋಗ ಆಯ್ತು. ಡಿಕ್ಕಿ ಹೇಗೆ? ಊರಿಂದ ಬರುವಾಗ ತೆಂಗಿನಕಾಯಿ, ಅಕ್ಕಿ ಮೂಟೆ, ಬಾಳೆಗೊನೆ ಎಲ್ಲಾ ಇರುತ್ತದೆ.

ಕುವೆಂಪುನಗರ ಮನೆ:
ನಮ್ಮದು 521 ಲೀಟರ್, ವರ್ನಾ 528, ಹೋಂಡಾ ಸಿಟಿ 506. ಲೀಟರ್ ಲೆಕ್ಕ ಮೂರಕ್ಕೂ ಹತ್ತಿರ ಹತ್ತಿರ. ನೋಡಬೇಕಿರುವುದು ಬಾಯಿ ಎಷ್ಟು ಅಗಲ, ತುಟಿ ಎಷ್ಟು ಎತ್ತರ. ಮೂಟೆ ಎತ್ತಿ ಒಳಗಿಡುವಾಗ ಸೊಂಟಕ್ಕೆ ಬೀಳುವ ಕೆಲಸ ಅದು. ಸೂಟ್‌ಕೇಸ್ ಎಷ್ಟಾದರೂ ಹಿಡಿಯುತ್ತದೆ, ಬಾಳೆಗೊನೆಗೆ ಮಾತ್ರ ಮುಚ್ಚಳ ಅಡ್ಡ ಬರುತ್ತದೆ. ಸ್ಲಾವಿಯಾದಲ್ಲಿ ಹಿಂದಿನ ಸೀಟು 60:40 ಮಡಚುತ್ತದೆ, ಉದ್ದದ ಸಾಮಾನಿದ್ದರೆ ಒಂದು ಕಡೆ ಮಡಚಿ ತೂರಿಸುತ್ತೇವೆ.

ನೆಲದ ಅಂತರ 179 ಮಿ.ಮೀ. ಇದೆ. ಐದು ಜನ ಕೂತು ಹಳ್ಳಿ ಕಡೆಯ ಅಡ್ಡಾದಿಡ್ಡಿ ಹಂಪ್ ದಾಟಿದರೂ ತಳ ಉಜ್ಜುವುದು ಅಪರೂಪ. ಕಾಫಿ ತೋಟದ ಮಣ್ಣು ದಾರಿ ಇದ್ದರೆ ಇದನ್ನು ಗಮನಿಸಿ.

ನಾಲ್ಕು ಚಕ್ರ:
ನೋಟದ ಬಗ್ಗೆ ಯಾರೂ ಬರೆದಿಲ್ಲವಲ್ಲ. ಫೋಕ್ಸ್‌ವ್ಯಾಗನ್ ವರ್ಟಸ್ ಬಿಟ್ಟು ಸೆಡಾನ್ ಮಾತಾಡಬಾರದು. ಸ್ಲಾವಿಯಾದ ಎಂಜಿನ್ನೇ, ಅದೇ ಪ್ಲಾಟ್‌ಫಾರಂ, ಆದರೆ ಉದ್ದ 4561 ಮಿ.ಮೀ. ಮುಂದಿನಿಂದ ನೋಡಿದರೆ ಕಾರು ನೆಲಕ್ಕೆ ಅಂಟಿಕೊಂಡು ಕೂತ ಹಾಗಿದೆ. ಗೆರೆಗಳು ಕಡಿಮೆ, ಇರುವ ಗೆರೆ ನೇರ. ಇಂಥ ನೋಟ ಹತ್ತು ವರ್ಷ ಆದರೂ ಹಳತಾಗಲ್ಲ.

ವರ್ನಾ ಬೇರೆ ದಾರಿ. ಬಾನೆಟ್ ಅಂಚಿನಲ್ಲಿ ಈ ಕಡೆಯಿಂದ ಆ ಕಡೆವರೆಗೆ ಒಂದೇ ಬೆಳಕಿನ ಪಟ್ಟಿ, ಪಕ್ಕದ ಬಾಗಿಲುಗಳಲ್ಲಿ ಅಡ್ಡ ಉದ್ದ ಮಡಿಕೆ, ಹಿಂದೆಯೂ ಅಗಲಕ್ಕೆ ದೀಪ. ಫೋಟೋದಲ್ಲಿ ನನಗೂ ಜಾಸ್ತಿ ಆಯ್ತು ಅನ್ನಿಸುತ್ತಿತ್ತು. ಎದುರಿಗೆ ನೋಡಿದರೆ, ಅದರಲ್ಲೂ ಸಂಜೆ ಹೊತ್ತು ಪಕ್ಕದಿಂದ ಬೆಳಕು ಬಿದ್ದಾಗ, ಆ ಮಡಿಕೆಗಳಿಗೆ ಅರ್ಥ ಬರುತ್ತದೆ. ಬಿಳಿ ಬಣ್ಣದಲ್ಲಿ ಗೆರೆಗಳು ಕಾಣಲ್ಲ, ಗಾಢ ಬಣ್ಣದಲ್ಲಿ ಚೆನ್ನಾಗಿ ಕಾಣುತ್ತವೆ. ಮನೆಯವರಿಗೆ ಫೋಟೋ ತೋರಿಸಿ ತೀರ್ಮಾನ ಮಾಡಬೇಡಿ, ಕಾರಿನ ಹತ್ತಿರ ಕರ್ಕೊಂಡು ಹೋಗಿ.

ಆದರೆ ಇಂಥ ಕಾರಿಗೆ 16 ಇಂಚಿನ ಚಕ್ರ ಸಣ್ಣದಾಯಿತು ಅನ್ನುವುದು ನನ್ನ ಅಭಿಪ್ರಾಯ.

ಘಟ್ಟ ಹತ್ತುವವ:
16 ಇಂಚು ಇರುವುದೇ ಒಳ್ಳೆಯದು ಅಣ್ಣ. 205/55 ಟೈರ್‌ನಲ್ಲಿ ರಬ್ಬರ್ ಎತ್ತರ ಇದೆ, ಗುಂಡಿಗೆ ಬಿದ್ದರೂ ಅಲಾಯ್ ಉಳಿಯುತ್ತದೆ. ನಮ್ಮ ರಸ್ತೆಗೆ ನೋಟಕ್ಕಿಂತ ಅದು ಮುಖ್ಯ.

ವರ್ನಾ ಒಳಗಿನ ಒಂದು ವಿಷಯ ನನಗೆ ಇವತ್ತಿಗೂ ಹಿಡಿಸಿಲ್ಲ. ಎಸಿಗೂ ಮ್ಯೂಸಿಕ್‌ಗೂ ಒಂದೇ ಪ್ಯಾನೆಲ್. ಒಂದು ಬಟನ್ ಒತ್ತಿದರೆ ಅದು ಎಸಿ, ಇನ್ನೊಮ್ಮೆ ಒತ್ತಿದರೆ ಮ್ಯೂಸಿಕ್. ತಿರುಗಿಸುವ ಗುಬ್ಬಿಗಳೂ ಅವೇ. ಎಸಿ ಕಡಿಮೆ ಮಾಡೋಣ ಅಂತ ಗುಬ್ಬಿ ತಿರುಗಿಸಿದರೆ ಹಾಡಿನ ಸದ್ದು ಕಡಿಮೆ ಆಗುತ್ತದೆ. ಘಾಟ್‌ನಲ್ಲಿ ಮಳೆ ಬಂದು ಗಾಜು ಮಂಜಾದಾಗ ಕಣ್ಣು ರಸ್ತೆಯಿಂದ ತೆಗೆದು ಯಾವ ಕಡೆ ಇದೆ ಅಂತ ನೋಡಬೇಕು. ಹೋಂಡಾ ಸಿಟಿಯಲ್ಲಿ ಇರುವ ಹಾಗೆ ಎಸಿಗೆ ಬೇರೆ ಗುಬ್ಬಿ ಕೊಡಬೇಕಿತ್ತು. ತಂಪು ಗಾಳಿ ಬರುವ ಮುಂದಿನ ಸೀಟು ಮಾತ್ರ ಬೇಸಿಗೆಯಲ್ಲಿ ಬಹಳ ದೊಡ್ಡ ಉಪಕಾರ, ಚಿತ್ರದುರ್ಗ ಕಡೆ ಏಪ್ರಿಲ್‌ನಲ್ಲಿ ಹೋಗಿ ನೋಡಿ.

ನಿಧಾನ ಚಾಲಕ:
ಎಲ್ಲರೂ ಟರ್ಬೊ ಹೊಗಳುತ್ತಿದ್ದೀರಿ, ಬೇರೆ ಮಾತೂ ಇರಲಿ. ನನ್ನದು ಟರ್ಬೊ ಇಲ್ಲದ ವರ್ನಾ, ಐವಿಟಿ ಆಟೊಮ್ಯಾಟಿಕ್, ಅಂದ್ರೆ ಗೇರ್ ಮೆಟ್ಟಿಲುಗಳೇ ಇಲ್ಲದ ಗೇರ್‌ಬಾಕ್ಸ್. ವೈಟ್‌ಫೀಲ್ಡ್‌ಗೆ ದಿನಾ ಹೋಗಿ ಬರುತ್ತೇನೆ. ಟಿನ್ ಫ್ಯಾಕ್ಟರಿ ಹತ್ತಿರ ಅರ್ಧ ಗಂಟೆ ತೆವಳಿದರೂ ಒಂದು ಎಳೆತ ಇಲ್ಲ, ಜರ್ಕ್ ಇಲ್ಲ. ಕ್ಲಚ್ ಬಿಸಿ ಅನ್ನುವ ಚಿಂತೆಯೂ ಇಲ್ಲ. ವರ್ಷಕ್ಕೆ ಕೆಲವೇ ಸಲ ಊರಿಗೆ ಹೋಗುವವರು ಉಳಿದ ದಿನಗಳನ್ನು ಲೆಕ್ಕಕ್ಕೆ ತಗೊಳ್ಳಬೇಕಲ್ವಾ? ಘಾಟ್‌ನಲ್ಲಿ ಟ್ಯಾಂಕರ್ ಹಿಂದೆ ಐದು ನಿಮಿಷ ಕಾದರೆ ಏನೂ ಆಗಲ್ಲ. ದಾಟಲೇಬೇಕು ಅನ್ನುವ ಆತುರವೇ ಅಪಾಯ. ಟರ್ಬೊ ವರ್ನಾ ಸೊನ್ನೆಯಿಂದ 100 ಕಿ.ಮೀ. ವೇಗಕ್ಕೆ 8.1 ಸೆಕೆಂಡ್‌ನಲ್ಲಿ ಹೋಗುತ್ತದೆ ಅಂತ ಕಂಪನಿ ಹೇಳುತ್ತದೆ, ಅಂಥ ಕಾರು 20 ವರ್ಷದ ಮಗನ ಕೈಗೆ ಕೊಡಲು ನನಗೆ ಭಯ.

ಘಟ್ಟ ಹತ್ತುವವ:
ನಿಮ್ಮ ಮಾತಿನಲ್ಲಿ ಸತ್ಯ ಇದೆ. ಊರೊಳಗೆ ಐವಿಟಿ ನೆಮ್ಮದಿ, ಅದನ್ನು ಅಲ್ಲಗಳೆಯಲ್ಲ. ಆದರೆ ಇವರ ಊರು ಸಕಲೇಶಪುರ, ತವರು ಪುತ್ತೂರು. ಟ್ಯಾಂಕರ್ ಹಿಂದೆ ಕಾಯುವುದು ಐದು ನಿಮಿಷ ಅಲ್ಲ, ಒಂದರ ಹಿಂದೆ ಇನ್ನೊಂದು ಇರುತ್ತದೆ. ಕೊನೆಗೆ ತಾಳ್ಮೆ ಕೆಟ್ಟು ಶಕ್ತಿ ಇಲ್ಲದ ಕಾರಿನಲ್ಲಿ ದಾಟಲು ಹೋಗುವುದು ಇನ್ನೂ ಅಪಾಯ. ಚಿಕ್ಕ ಹುಡುಗರ ವಿಷಯದಲ್ಲಿ ನಿಮ್ಮ ಭಯ ನನಗೂ ಇದೆ, ಅಲ್ಲಿ ನಾನು ನಿಮ್ಮ ಪಕ್ಷ.

ಸುರಕ್ಷತೆ ಅಂದಾಗ, ವರ್ನಾಗೆ 2023ರ ಅಕ್ಟೋಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಲ್ಲಿ 5 ಸ್ಟಾರ್ ಬಂತು. ಸ್ಲಾವಿಯಾ, ವರ್ಟಸ್ ಅದೇ ವರ್ಷ ಏಪ್ರಿಲ್‌ನಲ್ಲೇ 5 ಸ್ಟಾರ್ ತಗೊಂಡಿದ್ದವು. ವರ್ನಾದ ಮೇಲಿನ ವೇರಿಯಂಟ್‌ಗಳಲ್ಲಿ ಅಡಾಸ್ ಇದೆ, ಅಂದ್ರೆ ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ. ಎಕ್ಸ್‌ಪ್ರೆಸ್‌ವೇನಲ್ಲಿ ಉಪಯೋಗ. ಗೆರೆ ಅಳಿಸಿಹೋದ ರಸ್ತೆಯಲ್ಲಿ, ಬೈಕ್‌ಗಳು ಎರಡೂ ಕಡೆಯಿಂದ ತೂರುವ ಕಡೆ ಲೇನ್ ಹಿಡಿಯುವ ವ್ಯವಸ್ಥೆ ಆಫ್ ಮಾಡಿ ಓಡಿಸುತ್ತೇನೆ. ಮುಂದೆ ಡಿಕ್ಕಿ ಆಗಬಹುದು ಅನ್ನುವ ಎಚ್ಚರಿಕೆ ಮಾತ್ರ ಆನ್ ಇರಲಿ.

ಲೆಕ್ಕದ ಪುಸ್ತಕ:
ದುಡ್ಡಿನ ವಿಷಯ ಸೇರಿಸುತ್ತೇನೆ. ಈ ಕಾರುಗಳೆಲ್ಲ ಯಾಕೆ 1.5 ಲೀಟರ್‌ಗೆ ನಿಂತಿವೆ ಅಂದ್ರೆ ತೆರಿಗೆ. ವರ್ನಾ ಟರ್ಬೊ 1482 ಸಿಸಿ, ಸ್ಲಾವಿಯಾ 1498. ಹಿಂದೆ 4 ಮೀಟರ್‌ಗಿಂತ ಉದ್ದದ ಕಾರಿಗೆ 1500 ಸಿಸಿ ಒಳಗಿದ್ದರೆ ಸೆಸ್ ಸೇರಿ ಶೇ 45, ದಾಟಿದರೆ ಶೇ 48 ಇತ್ತು. ಸಣ್ಣ ಎಂಜಿನ್‌ನಿಂದ ಜಾಸ್ತಿ ಶಕ್ತಿ ತೆಗೆಯಲು ಟರ್ಬೊ ಬಂತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 40 ಜಿಎಸ್‌ಟಿ, ಸೆಸ್ ಇಲ್ಲ.

ಆದರೆ ಕರ್ನಾಟಕದ ರಸ್ತೆ ತೆರಿಗೆ ಮರೆಯಬೇಡಿ. 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಶೇ 17, ಆ ತೆರಿಗೆಯ ಮೇಲೆ ಶೇ 11 ಸೆಸ್. 15 ಲಕ್ಷದ ಕಾರು ಅಂದುಕೊಂಡರೆ ತೆರಿಗೆ ಒಂದೇ 2.83 ಲಕ್ಷ ಆಗುತ್ತದೆ. ವಿಮೆ ಬೇರೆ. ಟರ್ಬೊಗೆ ಕೊಡುವ ಹೆಚ್ಚಿನ ಹಣದ ಮೇಲೂ ಈ ತೆರಿಗೆ ಬೀಳುತ್ತದೆ, ಹಾಗಾಗಿ ಎಕ್ಸ್‌ಶೋರೂಮ್ ಬೆಲೆ ಹೋಲಿಸಬೇಡಿ, ರಸ್ತೆಗೆ ಬರುವ ಬೆಲೆ ಬರೆಸಿಕೊಳ್ಳಿ. ನನ್ನ ಹಿಂದಿನ ಕಾರಿಗೆ ಒಂದು ಶೋರೂಮ್‌ನವರು ಕೇಳದೆ ಕೋಟಿಂಗ್, ಆಕ್ಸೆಸರಿ ಅಂತ ಸೇರಿಸಿದ್ದರು. ಸಾಲು ಸಾಲಾಗಿ ಕೇಳಿದ ಮೇಲೆ ತೆಗೆದರು. ಹೊರಗಿನಿಂದ ವಿಮೆ ಮಾಡಿಸುವ ಹಕ್ಕು ನಿಮಗೆ ಇದೆ, ಅದನ್ನೂ ಕೇಳಿ.

ಹಾಸನದ ಹಾದಿ:
ಎಲ್ಲರಿಗೂ ಧನ್ಯವಾದ. ಐವಿಟಿ ಅಣ್ಣನ ಮಾತು ಓದಿದ ಮೇಲೂ ನನ್ನ ಮನಸ್ಸು ಟರ್ಬೊ ಮ್ಯಾನುಯಲ್ ಕಡೆಯೇ ಇದೆ. ಡ್ರೈ ಕ್ಲಚ್ ಜೊತೆ ಬೆಂಗಳೂರು ಟ್ರಾಫಿಕ್ ಬೇಡ, ಕ್ಲಚ್ ತುಳಿಯುವ ಅಭ್ಯಾಸ ನನಗಿದೆ. ಈಗ ಉಳಿದಿರುವುದು ವರ್ನಾನೋ ಸ್ಲಾವಿಯಾನೋ ಅನ್ನುವುದಷ್ಟೇ. ಅದನ್ನು ಅಪ್ಪನ ಮಂಡಿ ತೀರ್ಮಾನ ಮಾಡಲಿ.

ಗ್ಯಾರೇಜ್ ಗೆಳೆಯ:
ಹಾಗಾದರೆ ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ ಸರ್. ಐದೂ ಜನ ಹೋಗಿ, ಎಲ್ಲರೂ ಕೂತು, ಎಸಿ ಹಾಕಿ, ಒಂದು ಫ್ಲೈಓವರ್ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿ ನೋಡಿ. ಹಂಪ್ ಮೇಲೆ ಓರೆಯಾಗಿ ಅಲ್ಲ, ನೇರ ಹತ್ತಿಸಿ. ಅಪ್ಪನನ್ನು ಹಿಂದೆ ಕೂರಿಸಿ ಒಂದು ಸಲ, ಮುಂದೆ ಕೂರಿಸಿ ಒಂದು ಸಲ ಇಳಿಸಿ. ಡಿಕ್ಕಿ ತೆಗೆಸಿ ಸ್ಟೆಪ್ನಿ ಅಳತೆ ಉಳಿದ ನಾಲ್ಕು ಟೈರ್‌ನಷ್ಟೇ ಇದೆಯಾ ಅಂತಲೂ ನೋಡಿ.

ಕುವೆಂಪುನಗರ ಮನೆ:
ಮೈಸೂರು ಕಡೆ ಬಂದರೆ ನಮ್ಮ ಕಾರಿನಲ್ಲಿ ನಿಮ್ಮ ತಂದೆಯವರನ್ನು ಕೂರಿಸಿ ನೋಡಬಹುದು. ಶೋರೂಮ್‌ನವರ ಆತುರ ಇಲ್ಲದೆ ನಿಧಾನಕ್ಕೆ ಹತ್ತಿ ಇಳಿಯಲಿ. ಭಾನುವಾರ ಮನೆಯಲ್ಲೇ ಇರುತ್ತೇವೆ, ಇಲ್ಲೇ ಖಾಸಗಿಯಾಗಿ ಸಂದೇಶ ಕಳಿಸಿ.

ಹಾಸನದ ಹಾದಿ:
ಖಂಡಿತ ಮೇಡಂ. ಈ ವಾರ ವರ್ನಾ ನೋಡಿಕೊಂಡು, ಮುಂದಿನ ಭಾನುವಾರ ಬರುತ್ತೇವೆ. ಧಾರವಾಡದ ಸರ್, ನೀವೂ ಟರ್ಬೊ ಓಡಿಸಿದರೆ ಡೀಸೆಲ್‌ಗೆ ಹೋಲಿಸಿ ಇಲ್ಲೇ ಬರೆಯಿರಿ.

ಧಾರವಾಡ ಫ್ಲೂಯಿಡಿಕ್:
ಬರೀತೀನ್ರೀ. ಹುಬ್ಬಳ್ಳಿ ಬೈಪಾಸ್‌ನಲ್ಲಿ ಓಡಿಸಿ ನೋಡಬೇಕು ಅಂತ ಶೋರೂಮ್‌ಗೆ ಹೇಳಿಟ್ಟಿದ್ದೇನೆ, ಊರೊಳಗೆ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗಲ್ಲ.